ಸೂಜಿಗೆ ದಾರಿ ತೋರಿದ ಚಿತ್ರಗಳು

ಚರ್ಮದ ಕೆಳಗೆ ಗಡ್ಡೆಯೆದ್ದರೆ ವೈದ್ಯರು ಮುಟ್ಟಿ ನೋಡಬಹುದು. ಅದರಿಂದ ಒಂದು ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವುದೂ ಅಷ್ಟೇನೂ ಕಷ್ಟವಲ್ಲ. ಮಿದುಳಿನ ಗಡ್ಡೆಯ ಮಾತು ಬೇರೆ. ಬುರುಡೆಯಲ್ಲಿ ರಂಧ್ರ ಕೊರೆದು, ಕಣ್ಣಿಗೆ ಕಾಣದ ಗುರಿಯತ್ತ ಸೂಜಿ ಇಳಿಸಬೇಕು. ಅದು ಕೆಲವೇ ಮಿಲಿಮೀಟರ್ ಸರಿದರೂ ರಕ್ತನಾಳಕ್ಕೋ ಮಾತಿನ ಕೇಂದ್ರಕ್ಕೋ ಧಕ್ಕೆ ತಗಲಬಹುದು.

1895ರಲ್ಲಿ ರಾಂಟ್‌ಗೆನ್ ಕಂಡುಹಿಡಿದ ಕ್ಷ-ಕಿರಣ ಬುರುಡೆಯ ಮೂಳೆಯನ್ನು ತೋರಿಸಿತೇ ಹೊರತು ಮಿದುಳನ್ನಲ್ಲ. 1918ರಲ್ಲಿ ಅಮೆರಿಕದ ವಾಲ್ಟರ್ ಡ್ಯಾಂಡಿ ಮಿದುಳಿನ ಕುಹರಗಳಿಗೆ ಗಾಳಿ ತುಂಬಿ ಚಿತ್ರ ತೆಗೆದರು. 1927ರಲ್ಲಿ ಪೋರ್ಚುಗಲ್‌ನ ಎಗಾಸ್ ಮೊನಿಜ್ ಕ್ಷ-ಕಿರಣಕ್ಕೆ ಕಾಣುವ ದ್ರವವನ್ನು ರಕ್ತನಾಳಗಳಿಗೆ ಹರಿಸಿದರು. ಆದರೂ ಕುಹರ ಒತ್ತಿಹೋಗಿದೆಯೆ, ನಾಳ ಪಕ್ಕಕ್ಕೆ ಸರಿದಿದೆಯೆ ಎಂಬುದನ್ನು ನೋಡಿಯೇ ಗಡ್ಡೆಯ ನೆಲೆಯನ್ನು ಊಹಿಸಬೇಕಿತ್ತು.

ಸೂಜಿಯನ್ನು ಅಳತೆಗೆ ತಕ್ಕಂತೆ ನಡೆಸುವ ಉಪಾಯ 1947ರಲ್ಲಿ ಬಂದಿತು. ಫಿಲಡೆಲ್ಫಿಯಾದ ಸ್ಪೀಗೆಲ್ ಮತ್ತು ವೈಸಿಸ್ ರೋಗಿಯ ತಲೆಗೆ ಒಂದು ಚೌಕಟ್ಟನ್ನು ಅಳವಡಿಸಿದರು. ಭೂಪಟದ ಮೇಲೆ ಅಕ್ಷಾಂಶ ರೇಖಾಂಶಗಳಿಂದ ಊರನ್ನು ಗುರುತಿಸುವಂತೆ, ಮೂರು ಅಳತೆಗಳಿಂದ ಮಿದುಳಿನೊಳಗಿನ ಯಾವುದೇ ಬಿಂದುವನ್ನು ಗುರುತಿಸುವ ವ್ಯವಸ್ಥೆ ಅದು.

ಗಡ್ಡೆಯೇ ನೇರವಾಗಿ ಕಂಡದ್ದು 1971ರಲ್ಲಿ. ಗ್ರಾಮಫೋನ್ ತಟ್ಟೆಗಳಿಗೆ ಹೆಸರಾಗಿದ್ದ ಇ.ಎಂ.ಐ. ಕಂಪೆನಿಯ ಎಂಜಿನಿಯರ್ ಹೌನ್ಸ್‌ಫೀಲ್ಡ್ ರೂಪಿಸಿದ ಸಿ.ಟಿ. ಸ್ಕ್ಯಾನರ್, ಆ ವರ್ಷ ಅಕ್ಟೋಬರ್ 1ರಂದು ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಮೊದಲ ರೋಗಿಯ ಮಿದುಳನ್ನು ಪದರಪದರವಾಗಿ ತೋರಿಸಿತು. ಆದರೆ ಚಿತ್ರದಲ್ಲಿ ಕಂಡ ಬಿಂದು ಚೌಕಟ್ಟಿನ ಯಾವ ಅಳತೆಗೆ ಸಮ? ಉತ್ತರ ಕಂಡುಕೊಂಡವರು ಯೂಟಾ ವಿಶ್ವವಿದ್ಯಾಲಯದ ವೈದ್ಯಕೀಯ ವಿದ್ಯಾರ್ಥಿ ರಸೆಲ್ ಬ್ರೌನ್. 1978ರಲ್ಲಿ ಅವರು ಚೌಕಟ್ಟಿನ ಸುತ್ತ ಇಂಗ್ಲಿಷಿನ ‘ಎನ್’ ಅಕ್ಷರದ ಆಕಾರದಲ್ಲಿ ಸರಳುಗಳನ್ನು ಜೋಡಿಸಿದರು. ಚಿತ್ರದಲ್ಲಿ ಪ್ರತಿ ‘ಎನ್’ ಮೂರು ಚುಕ್ಕೆಗಳಾಗಿ ಮೂಡುತ್ತದೆ. ಓರೆ ಸರಳಿನ ಚುಕ್ಕೆ ಯಾವ ಕಡೆಗೆ ಎಷ್ಟು ಸರಿದಿದೆ ಎಂಬುದರಿಂದ ಆ ಪದರದ ಎತ್ತರ ತಿಳಿಯುತ್ತದೆ.

ಮುಂದೆ ಬಂದ ಎಂ.ಆರ್.ಐ. ಮೃದು ಅಂಗಾಂಶಗಳನ್ನು ಸಿ.ಟಿ.ಗಿಂತ ಸ್ಪಷ್ಟವಾಗಿ ತೋರಿಸಿತು. ಆದರೆ ಕಾಂತಕ್ಷೇತ್ರದ ಏರುಪೇರಿನಿಂದ ಅದರ ಚಿತ್ರ ಕೊಂಚ ಡೊಂಕಾಗಬಹುದು, ಸಿ.ಟಿ.ಯ ಅಳತೆ ಹೆಚ್ಚು ನಂಬಿಗಸ್ತ. ಆದ್ದರಿಂದ ಕಂಪ್ಯೂಟರಿನಲ್ಲಿ ಎರಡನ್ನೂ ಒಂದರ ಮೇಲೊಂದು ಹೊಂದಿಸುವ ಪದ್ಧತಿ ಬೆಳೆಯಿತು.

ಗಡ್ಡೆ ಎಲ್ಲಿದೆ ಎಂದು ತಿಳಿದರೂ ಅದರ ಯಾವ ಭಾಗದಿಂದ ಚೂರು ತೆಗೆಯಬೇಕೆಂಬ ಪ್ರಶ್ನೆ ಉಳಿದೇ ಇತ್ತು. ಗ್ಲಯೋಮಾ ಎಂಬ ಗಡ್ಡೆ ಎಲ್ಲೆಡೆ ಒಂದೇ ತೆರನಾಗಿರುವುದಿಲ್ಲ. ಒಂದೆಡೆ ಸೌಮ್ಯ, ಇನ್ನೊಂದೆಡೆ ಉಗ್ರ. ಸೌಮ್ಯ ಭಾಗದ ಚೂರು ಮಾತ್ರ ಸಿಕ್ಕರೆ ವರದಿಯೂ ಸೌಮ್ಯವಾಗಿರುತ್ತದೆ, ಚಿಕಿತ್ಸೆ ದಾರಿ ತಪ್ಪುತ್ತದೆ. ಉಗ್ರ ಗಡ್ಡೆಗಳು ಹೆಚ್ಚು ಗ್ಲೂಕೋಸ್ ಬಳಸುತ್ತವೆಂದು ಅಮೆರಿಕದ ಡಿ ಕೀರೊ ಮತ್ತು ಸಂಗಡಿಗರು 1982ರಲ್ಲಿ ಪೆಟ್ ಸ್ಕ್ಯಾನ್‌ನಿಂದ ತೋರಿಸಿದ್ದರು. ಬ್ರಸೆಲ್ಸ್‌ನ ಎರಾಸ್ಮ್ ಆಸ್ಪತ್ರೆಯ ವೈದ್ಯರು 1990ರ ದಶಕದಲ್ಲಿ ಪೆಟ್ ಮತ್ತು ಸಿ.ಟಿ.ಗಳನ್ನು ಜೊತೆಗೂಡಿಸಿ ಸೂಜಿಗೆ ಗುರಿ ಗೊತ್ತುಮಾಡಿದರು. ಆರೋಗ್ಯವಂತ ಮಿದುಳೂ ಗ್ಲೂಕೋಸ್ ಹೀರುವುದರಿಂದ ಎಲ್ಲೆ ಮಸುಕಾಗುತ್ತಿತ್ತು. ಹಾಗಾಗಿ ಅದು ಅಷ್ಟಾಗಿ ಹೀರದ ಮಿಥಿಯೋನಿನ್ ಎಂಬ ಅಮೈನೊ ಆಮ್ಲವೂ ಬಳಕೆಗೆ ಬಂದಿತು.

ಇಷ್ಟಾದರೂ ಕೊನೆಯ ತೀರ್ಪು ಚಿತ್ರದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2021ರ ವರ್ಗೀಕರಣದ ಪ್ರಕಾರ ಗಡ್ಡೆಯ ಜೀವಕೋಶಗಳ ರೂಪದೊಡನೆ ವಂಶವಾಹಿಗಳನ್ನೂ ಪರೀಕ್ಷಿಸಬೇಕು. ಅಕ್ಕಿಕಾಳಿನಷ್ಟು ಚೂರು ಇಂದು ಹೇಳಬೇಕಾದ ಸಂಗತಿ ಹಿಂದಿಗಿಂತ ಹೆಚ್ಚು. ಅದನ್ನು ಸರಿಯಾದ ಜಾಗದಿಂದಲೇ ತೆಗೆಯಬೇಕಾದ ಅಗತ್ಯವೂ ಅಷ್ಟೇ ಹೆಚ್ಚು.