ದೂರವಾಣಿ ಸರ್ವರ್‌ನ ಲಾಗ್ ಕಡತದಲ್ಲಿ ಅತಿಯಾದ ಎಚ್ಚರಿಕೆ ಸಂದೇಶಗಳು: ಬಳಕೆದಾರ ಸಂಸ್ಥೆಗಳಿಗೆ ಮಾಹಿತಿ

ಆಸ್ಟರಿಸ್ಕ್ ತಂತ್ರಾಂಶ ಆಧಾರಿತ ದೂರವಾಣಿ ಸರ್ವರ್ ಹೊಂದಿರುವ ಹಾಗೂ ಅದಕ್ಕೆ ಸಂಪರ್ಕ ಕೋರಿ ಅರ್ಜಿ ಸಲ್ಲಿಸುವ ಸಂಸ್ಥೆಗಳ ಅನುಕೂಲಕ್ಕಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

ಈ ವಿಷಯ ಏಕೆ ಮುಖ್ಯ?

ಲಾಗ್ ಕಡತದಲ್ಲಿ ಒಂದೇ ಬಗೆಯ ಸಂದೇಶಗಳು ನಿರಂತರವಾಗಿ ದಾಖಲಾದಲ್ಲಿ ಡಿಸ್ಕ್ ತುಂಬಿ ಸರ್ವರ್ ಸ್ಥಗಿತಗೊಳ್ಳುವ ಸಂಭವವಿರುತ್ತದೆ. ಅಂತಹ ಸಂದರ್ಭದಲ್ಲಿ ತುರ್ತು ಸಂಖ್ಯೆ 112ಕ್ಕೂ ಕರೆ ಹೋಗದಿರಬಹುದು. ಹಾಗೆಂದು ಎಚ್ಚರಿಕೆಗಳ ದಾಖಲಾತಿಯನ್ನೇ ನಿಲ್ಲಿಸುವುದು ಪರಿಹಾರವಲ್ಲ. ಅಪರಿಚಿತರು ಸರ್ವರ್ ಪ್ರವೇಶಿಸಿ ವಿದೇಶಿ ಕರೆ ಮಾಡಲು ಯತ್ನಿಸುವುದು ಮೊದಲು ತಿಳಿದುಬರುವುದು ಲಾಗ್‌ನಿಂದಲೇ. ಆ ಕರೆಗಳ ಶುಲ್ಕವು ಸಾಮಾನ್ಯವಾಗಿ ಚಂದಾದಾರರ ಮೇಲೆಯೇ ಬೀಳುತ್ತದೆ.

ಕಾರಣ ಮತ್ತು ಪರಿಹಾರ

1. ಒಂದೇ ಎಕ್ಸ್‌ಟೆನ್ಷನ್, ಕಚೇರಿಯ ಒಳಜಾಲದ ವಿಳಾಸ, ಪದೇ ಪದೇ ನೋಂದಣಿ ವಿಫಲ: ದೂರವಾಣಿ ಉಪಕರಣದಲ್ಲಿ ಹಳೆಯ ಪಾಸ್‌ವರ್ಡ್ ಉಳಿದಿರುವ ಸಾಧ್ಯತೆಯಿದೆ. ಅದನ್ನು ಸರಿಪಡಿಸತಕ್ಕದ್ದು.

2. 100, 101, 102 ಎಂದು ಅನುಕ್ರಮವಾಗಿ ಬದಲಾಗುವ ಸಂಖ್ಯೆಗಳು, ಅಪರಿಚಿತ ಹೊರ ವಿಳಾಸ: ಇದು ಪಾಸ್‌ವರ್ಡ್ ಊಹಿಸುವ ದಾಳಿಯ ಲಕ್ಷಣ. 5060ನೇ ಪೋರ್ಟ್‌ಗೆ ಸೇವಾದಾತರ ವಿಳಾಸದಿಂದ ಮಾತ್ರ ಪ್ರವೇಶ ನೀಡುವುದು, ಫೇಲ್‌ಟುಬ್ಯಾನ್ ತಂತ್ರಾಂಶ ಅಳವಡಿಸುವುದು ಹಾಗೂ ಅಗತ್ಯವಿಲ್ಲದಿದ್ದಲ್ಲಿ ಐಎಸ್‌ಡಿ ಸೌಲಭ್ಯ ರದ್ದುಪಡಿಸಿಕೊಳ್ಳುವುದು ಸೂಕ್ತ.

3. ಮರುಪ್ರಸಾರದ ಅವಧಿ ಮೀರಿದೆ ಎಂಬ ಎಚ್ಚರಿಕೆ, ಸುಮಾರು 32 ಸೆಕೆಂಡುಗಳಲ್ಲಿ ಕರೆ ಕಡಿತ: ಕರೆ ಸ್ವೀಕರಿಸಿದ್ದಕ್ಕೆ ಎದುರು ಕಡೆಯ ದೃಢೀಕರಣವು ಸರ್ವರ್ ತಲುಪುತ್ತಿಲ್ಲ. ಫೈರ್‌ವಾಲ್ ನಿಯಮಗಳನ್ನೂ ಸರ್ವರ್‌ನಲ್ಲಿ ನಮೂದಿಸಿರುವ ಸಾರ್ವಜನಿಕ ಐಪಿ ವಿಳಾಸವನ್ನೂ ಪರಿಶೀಲಿಸತಕ್ಕದ್ದು.

4. ಧ್ವನಿ ಸ್ವರೂಪ ಹೊಂದಿಕೆಯಾಗುತ್ತಿಲ್ಲ ಎಂಬ ಎಚ್ಚರಿಕೆ: ಉಪಕರಣ, ಸರ್ವರ್ ಮತ್ತು ಸೇವಾದಾತರ ಕಡೆ ಒಂದೇ ಕೋಡೆಕ್ ನಿಗದಿಪಡಿಸತಕ್ಕದ್ದು.

ಡಿಸ್ಕ್ ಈಗಾಗಲೇ ತುಂಬಿದ್ದಲ್ಲಿ

ಲಾಗ್ ಕಡತವನ್ನು ನೇರವಾಗಿ ಅಳಿಸಬಾರದು. ಸರ್ವರ್ ಆ ಕಡತವನ್ನು ತೆರೆದಿಟ್ಟುಕೊಂಡಿರುವವರೆಗೆ ಡಿಸ್ಕ್‌ನ ಜಾಗ ತೆರವಾಗುವುದಿಲ್ಲ, ಸಾಕ್ಷ್ಯವೂ ನಾಶವಾಗುತ್ತದೆ. ಹಳೆಯ ಕಡತಗಳನ್ನು ಬೇರೆ ಡಿಸ್ಕ್‌ಗೆ ಸಾಗಿಸಿದ ನಂತರ ಆಸ್ಟರಿಸ್ಕ್‌ನ ‘ಲಾಗರ್ ರೊಟೇಟ್’ ಆದೇಶದಿಂದ ಹೊಸ ಕಡತ ಆರಂಭಿಸಿ, ಹಿಂದಿನದನ್ನೂ ಸಾಗಿಸತಕ್ಕದ್ದು. ಮುಂದೆ ಪ್ರತಿದಿನ ಕಡತ ಬದಲಾಗಿ ಸಂಕುಚಿತಗೊಳ್ಳುವಂತೆ ‘ಲಾಗ್‌ರೊಟೇಟ್’ ವ್ಯವಸ್ಥೆ ಮಾಡಿಕೊಳ್ಳತಕ್ಕದ್ದು.

ಕಾನೂನಿನ ಅಗತ್ಯ

ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ ಪ್ರಕರಣ 70ಬಿ ಅಡಿಯಲ್ಲಿ ಸರ್ಟ್-ಇನ್ ಸಂಸ್ಥೆಯು ದಿನಾಂಕ 28-04-2022ರಂದು ಹೊರಡಿಸಿದ ನಿರ್ದೇಶನದ ಮೇರೆಗೆ ಸೇವಾದಾತರು, ನಿಗಮಿತ ಸಂಸ್ಥೆಗಳು ಹಾಗೂ ಸರ್ಕಾರಿ ಸಂಸ್ಥೆಗಳು ಲಾಗ್‌ಗಳನ್ನು 180 ದಿನಗಳವರೆಗೆ ಸುರಕ್ಷಿತವಾಗಿ ಇರಿಸತಕ್ಕದ್ದು. ಸದರಿ ನಿರ್ದೇಶನದಲ್ಲಿ ಪಟ್ಟಿ ಮಾಡಿರುವ ಸೈಬರ್ ಘಟನೆಗಳು ಗಮನಕ್ಕೆ ಬಂದ 6 ಗಂಟೆಯೊಳಗೆ ಸರ್ಟ್-ಇನ್‌ಗೆ ವರದಿ ಮಾಡತಕ್ಕದ್ದು.

ಸೇವಾದಾತರಿಗೆ ದೂರು ಸಲ್ಲಿಸುವಾಗ

ಘಟನೆಯ ದಿನಾಂಕ, ಸಮಯ, ಕರೆ ಮಾಡಿದ ಮತ್ತು ಸ್ವೀಕರಿಸಿದ ಸಂಖ್ಯೆಗಳು ಹಾಗೂ ಆ ಅವಧಿಯ ಲಾಗ್ ಭಾಗವನ್ನು ಲಗತ್ತಿಸತಕ್ಕದ್ದು. ಪಾಸ್‌ವರ್ಡ್‌ಗಳಿದ್ದಲ್ಲಿ ಪ್ರತಿಯಿಂದ ಕಡ್ಡಾಯವಾಗಿ ತೆಗೆದುಹಾಕುವುದು. ಮೂಲ ಕಡತವನ್ನು ಯಾವುದೇ ಕಾರಣಕ್ಕೂ ತಿದ್ದಬಾರದು.