ಆಷಾಢ ಅಮಾವಾಸ್ಯೆ ಯಾವ ಅಮಾವಾಸ್ಯೆ? ಗೋವಿಂದನ ತಾಮ್ರಪಟವೂ ವ್ರತಗಳ ಕಾಲನಿರ್ಣಯವೂ

ಹಬ್ಬ ಹಾಗೂ ವ್ರತಗಳ ಚರಿತ್ರೆ ಬರೆದ ನಮ್ಮವರಲ್ಲಿ ಒಂದು ವಾದ ಪರೀಕ್ಷೆಯಿಲ್ಲದೆ ಕೈಯಿಂದ ಕೈಗೆ ದಾಟಿ ಬಂದಿದೆ. ಅಮಾವಾಸ್ಯೆಗೆ ಮಾಸ ಮುಗಿಸುವ ಅಮಾಂತ ಪದ್ಧತಿ ದಕ್ಷಿಣದ್ದು, ಹುಣ್ಣಿಮೆಗೆ ಮುಗಿಸುವ ಪೂರ್ಣಿಮಾಂತ ಉತ್ತರದ್ದು. ಕನ್ನಡ ನಾಡಿನಲ್ಲಿ ಮೊದಲಿನಿಂದಲೂ ಅಮಾಂತವೇ ನಡೆದಿತ್ತು. ಆದ್ದರಿಂದ ಹಳೆಯ ಗ್ರಂಥದಲ್ಲಿ ‘ಆಷಾಢ ಅಮಾವಾಸ್ಯೆ’ ಎಂದು ಕಂಡರೆ ಅದು ನಮ್ಮ ಭೀಮನ ಅಮಾವಾಸ್ಯೆಯೇ. ಇವತ್ತಿನ ಮಟ್ಟಿಗೆ ಮೊದಲ ಮಾತು ಸರಿ. ಎರಡನೆಯದು ತಪ್ಪು. ಮೂರನೆಯದು ಆ ತಪ್ಪಿನ ಮೇಲೆ ಕಟ್ಟಿದ್ದು.

ಇದನ್ನು ತಪ್ಪೆಂದು ತೋರಿಸುವ ಸಾಕ್ಷ್ಯ ಎಲ್ಲೋ ಅಡಗಿಲ್ಲ. ರಾಷ್ಟ್ರಕೂಟ ಮೂರನೆಯ ಗೋವಿಂದನ ಕನ್ನಡ ತಾಮ್ರಪಟವನ್ನು ಜೆ. ಎಫ್. ಫ್ಲೀಟ್ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಪ್ರಕಟಿಸಿ ನೂರು ವರ್ಷಗಳ ಮೇಲಾಯಿತು. ಕಂಚಿಯ ದಂತಿಗನನ್ನು ಗೆದ್ದ ಅರಸ ತುಂಗಭದ್ರೆಯ ರಾಮೇಶ್ವರ ತೀರ್ಥದಲ್ಲಿ ಬೀಡುಬಿಟ್ಟಿದ್ದ ಸಂದರ್ಭ ಅದರಲ್ಲಿದೆ. ರಾಜಕೀಯ ಚರಿತ್ರೆಯವರು ಅಷ್ಟನ್ನು ಎತ್ತಿಕೊಂಡು ಮುಂದೆ ಹೋದರು. ನನಗೆ ಬೇಕಾದದ್ದು ಅದರ ಕಾಲೋಲ್ಲೇಖ: ಶಕ 726, ಸುಭಾನು ಸಂವತ್ಸರ, ವೈಶಾಖ ಬಹುಳ ಪಂಚಮಿ, ಗುರುವಾರ.

ಲೆಕ್ಕ ಹಾಕಿ ನೋಡೋಣ. ಕ್ರಿ.ಶ. 804ರಲ್ಲಿ ಅಮಾಂತ ವೈಶಾಖದ ಬಹುಳ ಪಂಚಮಿ ಮೇ ತಿಂಗಳ ಮೊದಲ ವಾರಕ್ಕೆ ಬೀಳುತ್ತದೆ, ವಾರ ಶುಕ್ರವಾರವಾಗುತ್ತದೆ. ಪೂರ್ಣಿಮಾಂತ ಕ್ರಮದಲ್ಲಿ ಅದೇ ತಿಥಿ ಒಂದು ಚಾಂದ್ರಮಾಸ ಹಿಂದಕ್ಕೆ, ಏಪ್ರಿಲ್ 4ಕ್ಕೆ ಬರುತ್ತದೆ. ಆ ದಿನ ಗುರುವಾರ. ಮೇಷ ಸಂಕ್ರಮಣ ಮಾರ್ಚ್ ಮೂರನೆಯ ವಾರದಲ್ಲಿ ಆಗಿದ್ದರಿಂದ ಆ ಪಕ್ಷ ನಮ್ಮ ಇಂದಿನ ಎಣಿಕೆಯಲ್ಲಿ ಚೈತ್ರ ಬಹುಳ. ತಾಮ್ರಪಟ ಬರೆಸಿದವರು ಅದನ್ನು ವೈಶಾಖ ಬಹುಳ ಎಂದರು. ಅಂದರೆ ಅವರ ವೈಶಾಖ ಹುಣ್ಣಿಮೆಯ ಮರುದಿನವೇ ಆರಂಭವಾಗಿತ್ತು.

ಇದಕ್ಕೆ ಎರಡು ಆಕ್ಷೇಪಗಳಿವೆ. ಮೊದಲನೆಯದು ಸಂವತ್ಸರದ್ದು: ಇಂದಿನ ದಕ್ಷಿಣದ ಎಣಿಕೆಯನ್ನು ಹಿಂದಕ್ಕೆ ಒಯ್ದರೆ ಸುಭಾನು 804ರ ಯುಗಾದಿಗೇ ಮುಗಿದಿರಬೇಕು. ಆದರೆ ಆ ಕಾಲದಲ್ಲಿ ಸಂವತ್ಸರ ನಡೆಯುತ್ತಿದ್ದುದು ಗುರುವಿನ ಮಧ್ಯಮ ರಾಶಿಸಂಚಾರದ ಮೇಲೆ. ಆ ಕ್ರಮದಲ್ಲಿ ಸುಭಾನು 804ರ ಜೂನ್‌ವರೆಗೂ ಇತ್ತು. ಆಕ್ಷೇಪವೇ ಸಾಕ್ಷ್ಯವಾಗಿ ತಿರುಗುತ್ತದೆ. ಎರಡನೆಯದು ಲಿಪಿಕಾರನ ಕೈತಪ್ಪು ಎನ್ನುವುದು. ಈ ಮಾತು ಕೇಳಿದರೆ ನನಗೆ ತಾಳ್ಮೆ ಉಳಿಯುವುದಿಲ್ಲ. ಶಕವರ್ಷ, ಸಂವತ್ಸರ, ತಿಥಿ, ವಾರ ನಾಲ್ಕೂ ಒಂದು ದಿನಕ್ಕೆ ಹೊಂದಿಕೊಳ್ಳುವಾಗ, ನಮ್ಮ ಪೂರ್ವಗ್ರಹಕ್ಕೆ ಒಗ್ಗಲಿಲ್ಲವೆಂದು ಸಾವಿರದಿನ್ನೂರು ವರ್ಷದ ಹಿಂದಿನ ಬರಹಗಾರನ ಮೇಲೆ ತಪ್ಪು ಹೊರಿಸುವುದು ಸಂಶೋಧನೆಯಲ್ಲ. ಶಂಕರ ಬಾಲಕೃಷ್ಣ ದೀಕ್ಷಿತರು ರಾಬರ್ಟ್ ಸೆವೆಲ್ ಜೊತೆಗೂಡಿ 1896ರಲ್ಲಿ ಹೊರತಂದ ‘ಇಂಡಿಯನ್ ಕ್ಯಾಲೆಂಡರ್’ನ ಕೋಷ್ಟಕಗಳಿಂದ ಈ ಲೆಕ್ಕವನ್ನು ಯಾರು ಬೇಕಾದರೂ ಪರಿಶೀಲಿಸಬಹುದು. ಫ್ಲೀಟ್ ಹೆಸರು ಹೇಳುವವರು ದೀಕ್ಷಿತರನ್ನು ಮರೆಯುತ್ತಾರೆ. ನಮ್ಮ ಶಾಸನಗಳ ಕಾಲಗಣನೆಗೆ ಬೆನ್ನೆಲುಬು ಕೊಟ್ಟವರು ಅವರು. (ಇಮ್ಮಡಿ ಪುಲಕೇಶಿಯ ಹೈದರಾಬಾದ್ ತಾಮ್ರಪಟದ ಭಾದ್ರಪದ ಅಮಾವಾಸ್ಯೆಯ ಸೂರ್ಯಗ್ರಹಣವೂ ಪೂರ್ಣಿಮಾಂತದ ಕಡೆಗೇ ಬೆರಳು ತೋರುತ್ತದೆ. ಅದು 612ರದೋ 613ರದೋ ಎಂಬ ಬಗ್ಗೆ ಭಿನ್ನಮತ ಇರುವುದರಿಂದ ನನ್ನ ವಾದವನ್ನು ಅದರ ಮೇಲೆ ನಿಲ್ಲಿಸಿಲ್ಲ.)

ಈಗ ಅಮೋಘವರ್ಷ ನೃಪತುಂಗನ ಸಿರೂರು ಶಾಸನಕ್ಕೆ ಬರೋಣ. ಶಕ 788, ವ್ಯಯ ಸಂವತ್ಸರ, ಜ್ಯೇಷ್ಠ ಅಮಾವಾಸ್ಯೆ, ಆದಿತ್ಯವಾರ, ಸೂರ್ಯಗ್ರಹಣ. ಇದು ಕ್ರಿ.ಶ. 866ರ ಜೂನ್ 16, ಭಾನುವಾರ. ಆ ಅಮಾವಾಸ್ಯೆಗೆ ಮುಗಿದ ಮಾಸದೊಳಗೆ ಮಿಥುನ ಸಂಕ್ರಮಣ ಬಿದ್ದಿದೆ. ಆದ್ದರಿಂದ ಅಮಾಂತದಲ್ಲಿ ಅದು ಜ್ಯೇಷ್ಠ. ಪೂರ್ಣಿಮಾಂತ ಇನ್ನೂ ಉಳಿದಿದ್ದರೆ ಇದೇ ಅಮಾವಾಸ್ಯೆಯನ್ನು ಆಷಾಢದ್ದೆಂದು ಕೆತ್ತಬೇಕಾಗಿತ್ತು. ಅಪ್ಪನ ತಾಮ್ರಪಟದಲ್ಲಿ ಒಂದು ಪದ್ಧತಿ, ಮಗನ ಶಿಲಾಶಾಸನದಲ್ಲಿ ಇನ್ನೊಂದು. ನಡುವೆ 62 ವರ್ಷ. ಒಂದೇ ರಾತ್ರಿಯಲ್ಲಿ ನಾಡೆಲ್ಲ ಬದಲಾಯಿತೆಂದು ನಾನು ಹೇಳುತ್ತಿಲ್ಲ. ಎರಡೂ ಕೆಲಕಾಲ ಅಕ್ಕಪಕ್ಕದಲ್ಲೇ ನಡೆದಿರಬಹುದು. ಮೊದಲಿನಿಂದಲೂ ಅಮಾಂತವೇ ಎಂಬ ಮಾತಿಗೆ ಮಾತ್ರ ಇಲ್ಲಿ ಜಾಗವಿಲ್ಲ.

ವ್ರತಗಳಿಗೆ ಇದರಿಂದ ಏನಾಗುತ್ತದೆ? ಪೂರ್ಣಿಮಾಂತ ಓದಿನಲ್ಲಿ ‘ಆಷಾಢ ಅಮಾವಾಸ್ಯೆ’ ಎಂದರೆ ನಮ್ಮ ಜ್ಯೇಷ್ಠ ಅಮಾವಾಸ್ಯೆ. ಅದು ಉತ್ತರ ಕರ್ನಾಟಕದವರು ಮಣ್ಣಿನ ಎತ್ತು ಮಾಡಿ ಪೂಜಿಸುವ ಮಣ್ಣೆತ್ತಿನ ಅಮಾವಾಸ್ಯೆ. ಜ್ಯೋತಿರ್ಭೀಮೇಶ್ವರ ವ್ರತದ ಕತೆಯಲ್ಲಿ ಸತ್ತ ರಾಜಕುಮಾರನನ್ನು ವರಿಸಿದ ಹುಡುಗಿ ನದಿಯ ದಡದಲ್ಲಿ ಮಣ್ಣಿನ ದೀಪ ಹಚ್ಚುತ್ತಾಳೆ. ಎರಡರಲ್ಲೂ ಮಣ್ಣಿದೆಯೆಂದು ನಂಟು ಕಲ್ಪಿಸುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಆದರೆ ವ್ರತಕತೆಯ ಪೀಠಿಕೆಯಲ್ಲಿ ಪುರಾಣದ ಹೆಸರು ಕಂಡೊಡನೆ ಒಂಬತ್ತು ಗಂಟಿನ ಅರಿಸಿನ ದಾರ, ಜೋಡಿ ದೀಪದ ಕಂಬ, ಅಣ್ಣತಮ್ಮಂದಿರು ಹೊಸ್ತಿಲ ಮೇಲೆ ಮೊಣಕೈಯಿಂದ ಒಡೆಯುವ ಭಂಡಾರ ಇವೆಲ್ಲವನ್ನೂ ಅದೇ ದಿನಕ್ಕೆ ಪುರಾತನವೆಂದು ಅಂಟಿಸುವವರು ಮೊದಲು ಯಾವ ಪದ್ಧತಿಯ ಆಷಾಢವೆಂದು ಹೇಳಬೇಕು.

ನಮ್ಮವರು ಕಡೆಗಣಿಸಿದ ಇನ್ನೊಂದು ಆಧಾರ ಕರಾವಳಿಯಲ್ಲಿದೆ. ತುಳುನಾಡಿನ ಆಟಿ ಸೌರಮಾಸ, ಸೂರ್ಯ ಕರ್ಕಾಟಕದಲ್ಲಿರುವ ಕಾಲ. ಆಟಿ ಅಮಾವಾಸ್ಯೆಯ ಬೆಳಗಿನ ಜಾವ ಕತ್ತಿ ಮುಟ್ಟಿಸದೆ ಕಲ್ಲಿನಿಂದ ಜಜ್ಜಿ ತೆಗೆದ ಪಾಲೆಮರದ ಕೆತ್ತೆಯ ಕಷಾಯವನ್ನು ಬರಿಹೊಟ್ಟೆಯಲ್ಲಿ ಕುಡಿದು, ಆಮೇಲೆ ಮೆಂತೆ ಗಂಜಿ ಉಣ್ಣುತ್ತಾರೆ. ಇದನ್ನು ಜಾನಪದ ವೈದ್ಯವೆಂದು ಬದಿಗಿಟ್ಟದ್ದು ದೊಡ್ಡ ನಷ್ಟ. ಅಮಾಂತ ಆಷಾಢದೊಳಗೆ ಕರ್ಕ ಸಂಕ್ರಮಣ ಇದ್ದೇ ಇರುತ್ತದೆ, ಆದ್ದರಿಂದ ಅದರ ಅಮಾವಾಸ್ಯೆ ತಪ್ಪದೆ ಆಟಿಯಲ್ಲೇ ಬೀಳುತ್ತದೆ. ಕೇರಳದ ಕರ್ಕಟಕ ವಾವು ಬಲಿ, ತಮಿಳರ ಆಡಿ ಅಮಾವಾಸೈ ತರ್ಪಣ, ಉತ್ತರದವರು ಶ್ರಾವಣದ್ದೆಂದು ಕರೆಯುವ ಹರಿಯಾಲಿ ಅಮಾವಾಸ್ಯೆ ಎಲ್ಲವೂ ಇದೇ ಅಮಾವಾಸ್ಯೆಯವು. 2024ರ ಆಗಸ್ಟ್ 4ರಂದು ಭೀಮನ ಅಮಾವಾಸ್ಯೆ, ಹರಿಯಾಲಿ, ಆಡಿ ಮೂರೂ ಒಟ್ಟಿಗೆ ಬಂದವು. ಹರಿಯಾಲಿಯನ್ನು ನಮ್ಮದಕ್ಕಿಂತ ಒಂದು ತಿಂಗಳು ತಡವಾದ ಬೇರೆ ಹಬ್ಬವೆಂದು ಬರೆದವರು ಪಂಚಾಂಗ ತೆರೆದು ನೋಡಿಲ್ಲ. ಅಧಿಕ ಶ್ರಾವಣ ಬಂದ ವರ್ಷ ಆಟಿಯಲ್ಲಿ ಎರಡು ಅಮಾವಾಸ್ಯೆ ಬರುವುದುಂಟು. 2023ರಲ್ಲಿ ಜುಲೈ 17 ಮತ್ತು ಆಗಸ್ಟ್ 16 ಹಾಗೆ ಬಂದವು.

ಸೌರಮಾಸಕ್ಕೆ ಕಟ್ಟಿದ ಆಚರಣೆಯ ಹೆಸರು ಅಮಾಂತ, ಪೂರ್ಣಿಮಾಂತ ಯಾವುದಿದ್ದರೂ ಕದಲುವುದಿಲ್ಲ. ಈ ಅಮಾವಾಸ್ಯೆಯ ಹಳಮೆಯನ್ನು ಅಳೆಯಲು ನಾನು ಕೈಗೆತ್ತಿಕೊಳ್ಳುವುದು ಅದನ್ನೇ. ಜ್ಯೋತಿರ್ಭೀಮೇಶ್ವರ ವ್ರತದ ಮಟ್ಟಿಗೆ, ಸೂರ್ಯನ ರಾಶಿಯನ್ನೋ ಸಂಕ್ರಮಣವನ್ನೋ ಹೇಳುವ ಪಾಠ ಕೈಸೇರುವವರೆಗೆ, ಮಾಸದ ಹೆಸರೊಂದನ್ನೇ ನೆಚ್ಚಿ ಅದನ್ನು ಒಂಬತ್ತನೆಯ ಶತಮಾನದ ಆಚೆಗೆ ಒಯ್ಯಲು ಆಧಾರವಿಲ್ಲ.