ಬಿರುಕು ಬಿಟ್ಟ ಬೈಕ್ ಅಲಾಯ್ ವೀಲ್ ವೆಲ್ಡ್ ಮಾಡಿಸಿದರೆ ಮೊದಲಿಗಿಂತ ಗಟ್ಟಿಯಾಗುತ್ತದೆಯೇ?

ಗ್ಯಾಸ್ ಟಾರ್ಚ್‌ನಿಂದ ಅಲ್ಯೂಮಿನಿಯಂ ಬಿಸಿ ಮಾಡಿ ಬಿರುಕಿನ ಮೇಲೆ ಒಂದು ಕಡ್ಡಿ ಉಜ್ಜುತ್ತಾರೆ. ಕಡ್ಡಿ ಬೆಣ್ಣೆಯಂತೆ ಕರಗಿ ಕೂರುತ್ತದೆ, ಆಮೇಲೆ ಸುತ್ತಿಗೆಯಲ್ಲಿ ಬಡಿದರೂ ಬಿಡುವುದಿಲ್ಲ. ಇಂಥ ವಿಡಿಯೋ ನಿಮ್ಮ ಗ್ರೂಪಿಗೂ ಬಂದಿರಬಹುದು. ಬೈಕಿನ ಅಲಾಯ್ ವೀಲ್ ಒಡೆದರೆ ಹೊಸದು ಬೇಡ, ವೆಲ್ಡ್ ಮಾಡಿಸಿದರೆ ಸಾಕು ಎಂಬ ಸಲಹೆಯೂ ಅದರ ಹಿಂದೆಯೇ ಬರುತ್ತದೆ.

ಇದರಲ್ಲಿ ಅರ್ಧ ನಿಜ. ಅಲ್ಯೂಮಿನಿಯಂ ವೆಲ್ಡ್ ಮಾಡಲು ಖಂಡಿತ ಬರುತ್ತದೆ. ಒಡೆದ ಇಂಜಿನ್ ಕವರ್‌ಗಳನ್ನು ಆರ್ಗಾನ್ ವೆಲ್ಡಿಂಗ್ ಅಂಗಡಿಗಳಲ್ಲಿ ಚೆನ್ನಾಗಿಯೇ ಸರಿಮಾಡುತ್ತಾರೆ. ಚಕ್ರದ ಕಥೆ ಬೇರೆ.

ಅಚ್ಚಿನಲ್ಲಿ ಎರಕ ಹೊಯ್ದ ಚಕ್ರಗಳಿಗೆ ಎ356 ಎಂಬ ಮಿಶ್ರಲೋಹ ಹೆಚ್ಚು ಬಳಕೆಯಲ್ಲಿದೆ. ಅಲ್ಯೂಮಿನಿಯಂ ಜೊತೆ ಸುಮಾರು 7% ಸಿಲಿಕಾನ್, ಒಂದು ಚಿಟಿಕೆ ಮೆಗ್ನೀಶಿಯಂ. ಎರಕ ಹೊಯ್ದ ಮಾತ್ರಕ್ಕೆ ಇದಕ್ಕೆ ಪೂರ್ತಿ ಬಲ ಬರುವುದಿಲ್ಲ. ಸುಮಾರು 540 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಂಟೆಗಟ್ಟಲೆ ಕಾಯಿಸಿ, ಥಟ್ಟನೆ ತಣಿಸಿ, ಮತ್ತೆ 150ರಿಂದ 170 ಡಿಗ್ರಿಯಲ್ಲಿ ಹಲವು ಗಂಟೆ ಇಡುತ್ತಾರೆ. ಕಬ್ಬಿಣಕ್ಕೆ ಕಮ್ಮಾರ ಹದ ಕೊಡುವಂತೆಯೇ ಇದೂ ಒಂದು ಹದ.

ವೆಲ್ಡಿಂಗ್ ಬಿಸಿ ತಾಗಿದ ಜಾಗದಲ್ಲಿ ಈ ಹದ ಹೋಗುತ್ತದೆ. ವೆಲ್ಡ್ ಗಟ್ಟಿಯಾಗಿ ಕೂತಿದ್ದರೂ ಅದರ ಪಕ್ಕದ ಲೋಹ ಮೆತ್ತಗಾಗಿರುತ್ತದೆ, ಹೊಸ ಬಿರುಕು ಅಲ್ಲಿಂದಲೇ ಶುರುವಾಗಬಹುದು. ವಿಡಿಯೋದ ಕಡ್ಡಿ ಸುಮಾರು 400 ಡಿಗ್ರಿಯಲ್ಲೇ ಕರಗುತ್ತದೆ ನಿಜ, ಆದರೆ ಹದ ಕೆಡಲು ಅಷ್ಟು ಬಿಸಿಯೂ ಸಾಕು. ಮತ್ತೆ ಹದ ಕೊಡಬೇಕೆಂದರೆ ಇಡೀ ಚಕ್ರವನ್ನೇ ಕುಲುಮೆಗೆ ಹಾಕಬೇಕು. ಅದು ಸೊಟ್ಟಗಾಗುವ ಅಪಾಯ ಬೇರೆ.

ಇನ್ನೊಂದು ತೊಡಕು ಕಣ್ಣಿಗೆ ಕಾಣುವುದಿಲ್ಲ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಯಲ್ಲಿ, ಅದರ ಮೇಲಿನ ಆಕ್ಸೈಡ್ ಪೊರೆ ಕರಗಲು 2000 ಡಿಗ್ರಿಗೂ ಹೆಚ್ಚು ಬೇಕು. ಪೊರೆ ಸರಿಯಾಗಿ ಹೋಗದಿದ್ದರೆ ವೆಲ್ಡ್ ಒಳಗೇ ಸಿಕ್ಕಿಕೊಳ್ಳುತ್ತದೆ. ಎಣ್ಣೆ, ತೇವ ಉಳಿದಿದ್ದರೆ ಹೈಡ್ರೋಜನ್ ಸೇರಿ ಸಣ್ಣ ಸಣ್ಣ ತೂತುಗಳಾಗುತ್ತವೆ. ಮೇಲೆ ಉಜ್ಜಿ ಪೇಂಟ್ ಹೊಡೆದರೆ ಒಳಗೇನಿದೆ ಎಂದು ಯಾರಿಗೂ ತಿಳಿಯದು.

ಇನ್ನು ಸುತ್ತಿಗೆ ಪರೀಕ್ಷೆ. 17 ಇಂಚಿನ ಚಕ್ರ ಒಂದು ಕಿಲೋಮೀಟರಿಗೆ ಸುಮಾರು 500 ಸುತ್ತು ಹಾಕುತ್ತದೆ. ದಿನಕ್ಕೆ 40 ಕಿ.ಮೀ. ಓಡಿಸುವವರ ಚಕ್ರಕ್ಕೆ 20,000 ಸುತ್ತು, ಪ್ರತಿ ಸುತ್ತಿನಲ್ಲೂ ಭಾರ ಏರಿಳಿಯುತ್ತದೆ, ನಡುವೆ ನಮ್ಮ ರಸ್ತೆಗಳ ಗುಂಡಿಗಳು. ನಾಲ್ಕು ಪೆಟ್ಟು ತಡೆದದ್ದು ಲಕ್ಷಾಂತರ ಸುತ್ತು ತಡೆಯುತ್ತದೆಂದು ಹೇಗೆ ನಂಬುವುದು?

ರಿಮ್ ಬಿರುಕಿನಿಂದ ಗಾಳಿ ಸೋರಿದರೆ ಟ್ಯೂಬ್‌ಲೆಸ್ ಟಯರಿನೊಳಗೆ ಟ್ಯೂಬ್ ಹಾಕಿಬಿಡಿ ಎನ್ನುವವರೂ ಇದ್ದಾರೆ. ನಮಗೆ ಇದೇ ಹೆಚ್ಚು ಅಪಾಯವೆನಿಸುತ್ತದೆ. ಸೋರುವ ಗಾಳಿ ಒಂದು ಎಚ್ಚರಿಕೆ. ಟ್ಯೂಬ್ ಅದನ್ನು ನಿಲ್ಲಿಸುತ್ತದೆ, ಬಿರುಕು ಮಾತ್ರ ಬೆಳೆಯುತ್ತಲೇ ಇರುತ್ತದೆ.

ಹೊಸ ಚಕ್ರಕ್ಕೆ ಸಾವಿರಾರು ರೂಪಾಯಿ ಬೇಕು, ಆ ಕಷ್ಟ ನಮಗೂ ಗೊತ್ತು. ಆದರೂ ಯಮಹಾ ಬೈಕುಗಳ ಮಾಲೀಕರ ಕೈಪಿಡಿಯಲ್ಲಿ ಚಕ್ರಕ್ಕೆ ಚಿಕ್ಕ ರಿಪೇರಿಯನ್ನೂ ಮಾಡಬೇಡಿ, ಬಾಗಿದ್ದರೆ ಅಥವಾ ಬಿರುಕು ಬಿಟ್ಟಿದ್ದರೆ ಬದಲಿಸಿ ಎಂದೇ ಇದೆ. ಮೇಲ್ಮೈಯ ಗೀರುಗಳಿಗೆ ಪಾಲಿಶ್ ಮಾಡಿಸಬಹುದು. ಕಡ್ಡಿಗಳಲ್ಲಿ, ಹಬ್‌ನಲ್ಲಿ, ರಿಮ್‌ನಲ್ಲಿ ಬಿರುಕು ಕಂಡರೆ ಚಕ್ರ ಬದಲಿಸಿ, ಅಲ್ಲಿಯವರೆಗೆ ಬೈಕ್ ಓಡಿಸಬೇಡಿ.

ಸೆಕೆಂಡ್ ಹ್ಯಾಂಡ್ ಚಕ್ರ ಕೊಳ್ಳುವುದಾದರೆ ಟಯರ್ ಬಿಚ್ಚಿಸಿ ರಿಮ್‌ನ ಒಳಬದಿ ನೋಡಿ. ಒಂದು ಕಡೆ ಮಾತ್ರ ಹೊಸ ಪೇಂಟ್, ಉಜ್ಜಿದ ಗುರುತು ಅಥವಾ ಬೆರಳಿಗೆ ತಾಗುವ ಉಬ್ಬು ಇದ್ದರೆ ಆ ಚಕ್ರವನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.